ಅತ್ತಿಗೆಗೆ ಐದು ತಿಂಗಳು. ಯಾರಿಗೂ ಗೊತ್ತಾಗದ ಹಾಗೆ ಕುಡಿತ ಬಿಡಿಸೋದು ಹೇಗೆ?

ಹೇಮಾವತಿ_ನಾದಿನಿ · ಭಾನುವಾರ ರಾತ್ರಿ 11:20

ಇದು ಬೇರೆ ಹೆಸರಲ್ಲಿ ಮಾಡಿರೋ ಅಕೌಂಟು. ಹಾಸನ ಜಿಲ್ಲೆ, ಅಷ್ಟು ಗೊತ್ತಿದ್ರೆ ಸಾಕು.

ನಮ್ಮಣ್ಣನ ಹೆಂಡ್ತಿಗೆ ಈಗ ಇಪ್ಪತ್ತೆರಡನೇ ವಾರ. ಹೋದ ವರ್ಷ ಒಂದು ಸಲ ಮೂರು ತಿಂಗಳಿಗೇ ಹೋಗಿತ್ತು. ಆಮೇಲೆ ಅತ್ತಿಗೆಗೆ ರಾತ್ರಿ ನಿದ್ದೆನೇ ಇಲ್ಲ. ಅಣ್ಣ ಸಂಜೆ ದಿನಾ ತಗೊಳ್ಳೋನು. "ಒಂದು ನೈಂಟಿ ಹಾಕ್ಕೋ, ಮಲಗ್ತೀಯ" ಅಂತ ಮೊದಲು ಕೊಟ್ಟಿದ್ದೂ ಅವನೇ. ಈಗ ಅವಳೊಬ್ಬಳಿಗೇ ದಿನಕ್ಕೆ ಒಂದು ಕ್ವಾರ್ಟರ್ ಬೇಕು, ಕೆಲವು ದಿನ ಜಾಸ್ತಿ. ಅಣ್ಣ ತರೋದು ನಿಲ್ಲಿಸಿದ ಮೇಲೆ ಹಾಲಿನ ಡೈರಿ ಹುಡುಗನ ಕೈಲಿ ಟೆಟ್ರಾ ಪ್ಯಾಕ್ ತರಿಸ್ಕೊಳ್ತಾಳೆ. ಬೆಳಿಗ್ಗೆ ಕಾಫಿ ಲೋಟ ಹಿಡಿದ್ರೆ ಕೈ ನಡುಗುತ್ತೆ. ಹೊಟ್ಟೇಲಿ ಮಗು ಇದೆ ಅಂತ ಅವಳಿಗೆ ಗೊತ್ತಿಲ್ವಾ? ಗೊತ್ತು. ಅಳ್ತಾಳೆ, ದೇವರ ಮುಂದೆ ಆಣೆ ಮಾಡ್ತಾಳೆ, ಸಂಜೆ ಆರು ಗಂಟೆಗೆ ಮತ್ತೆ ಅದೇ.

ಅಮ್ಮಂದು ಎರಡು ಪ್ಲಾನು. ಒಂದು, ನಾಲ್ಕು ದಿನ ರೂಮಲ್ಲಿ ಕೂಡಿ ಹಾಕಿ ಬೀಗ ಹಾಕೋದು. ಎರಡು, ಫೋನಲ್ಲಿ ಜಾಹೀರಾತು ಬರುತ್ತಲ್ಲ, "ಕುಡಿಯುವವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ" ಅಂತ, ಆ ಪುಡಿ ತರಿಸೋದು. ಪುಡಿ ಆಗಲೇ ಆರ್ಡರ್ ಮಾಡಿಯಾಗಿದೆ, ಬುಧವಾರ ಬರುತ್ತಂತೆ. ಏಳನೇ ತಿಂಗಳಲ್ಲಿ ಸೀಮಂತ ಇದೆ, ಅಷ್ಟರೊಳಗೆ ಸರಿ ಮಾಡ್ಬೇಕು, ಅವಳ ತವರಿಗೆ ಗೊತ್ತಾಗ್ಬಾರ್ದು ಅಂತಾರೆ. ಇದು ಆಗೋ ಮಾತಾ?

ಲೇಬರ್_ವಾರ್ಡ್_ಸಿಸ್ಟರ್ · ಭಾನುವಾರ ರಾತ್ರಿ 11:48

ಎರಡೂ ಬೇಡ. ದಯವಿಟ್ಟು ಈಗಲೇ ಎದ್ದು ಹೋಗಿ ಅಮ್ಮನಿಗೆ ಹೇಳಿ.

ನಾನು ಹೆರಿಗೆ ವಾರ್ಡಲ್ಲಿ ಹದಿನಾರು ವರ್ಷದಿಂದ ಇದ್ದೀನಿ. ಬೆಳಿಗ್ಗೆ ಕೈ ನಡುಗುತ್ತೆ ಅಂದ್ರಲ್ಲ, ಅದರರ್ಥ ಅವರ ಮೈ ಆಲ್ಕೋಹಾಲಿಗೆ ಒಗ್ಗಿ ಹೋಗಿದೆ, ಇಲ್ಲದಿದ್ರೆ ತಡೆಯಲ್ಲ. ಅಂಥವರಿಗೆ ಒಂದೇ ಏಟಿಗೆ ನಿಲ್ಲಿಸಿದ್ರೆ ಆರೆಂಟು ಗಂಟೆಯಲ್ಲೇ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದೆಲ್ಲ ಕಾಣೋದು, ಯಾರೋ ಕರೆದ ಹಾಗೆ ಕೇಳಿಸೋದು, ಜ್ವರ. ಇದರಲ್ಲಿ ಸಾವೂ ಆಗುತ್ತೆ. ನೀವು ಬೀಗ ಹಾಕೋ ನಾಲ್ಕು ದಿನ ಅಂದ್ರೆ ಸರಿಯಾಗಿ ಅದೇ ನಾಲ್ಕು ದಿನ.

ಇನ್ನೊಂದು ವಿಷಯ, ಇದನ್ನ ಮನೆಯವರು ಯಾರೂ ಯೋಚಿಸಿರಲ್ಲ. ಇಪ್ಪತ್ತು ವಾರ ದಾಟಿದ ಗರ್ಭಿಣಿ ಫಿಟ್ಸ್ ಅಂತ ಬಂದ್ರೆ ನಾವು ಮೊದಲು ನೋಡೋದು ಬಸುರಿ ನಂಜು, ಅಂದ್ರೆ ಬಿಪಿ ಏರಿ ಬರೋ ಫಿಟ್ಸ್. ಕುಡಿತದ ವಿಷಯ ಮುಚ್ಚಿಟ್ರೆ ಚಿಕಿತ್ಸೆ ಬೇರೆ ದಾರಿ ಹಿಡಿಯುತ್ತೆ. ಮುಚ್ಚಿಟ್ಟು ಸಿಸೇರಿಯನ್ ಆಗಿ ಎರಡನೇ ದಿನ ಹೊಲಿಗೆ ಮೇಲೆ ಕೈ ಇಟ್ಕೊಂಡು ವಾರ್ಡೆಲ್ಲ ಓಡಾಡಿದವರನ್ನ ನೋಡಿದ್ದೀನಿ. "ಗಾಳಿ ಹಿಡ್ದಿದೆ" ಅಂತ ಮನೆಯವರು ತಾಯಿತ ತಂದಿದ್ರು.

ಆ ಪುಡಿಯೊಳಗೆ ಏನಿದೆ ಅಂತ ಮಾರೋನಿಗೇ ಗೊತ್ತಿರಲ್ಲ. ಕುಡಿತ ಬಿಡಿಸೋಕೆ ಡೈಸಲ್ಫಿರಾಂ ಅಂತ ಒಂದು ಮಾತ್ರೆ ಇದೆ, ಅದನ್ನ ತಗೊಂಡು ಮೇಲೆ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಒಪ್ಪಿಗೆ ಕೊಟ್ಟು, ತಿಳಿದು ತಗೊಳ್ಳೋ ಮಾತ್ರೆ ಅದು. ಗರ್ಭಿಣಿಗಂತೂ ಕೊಡಲ್ಲ. ಗೊತ್ತಿಲ್ಲದ ಹಾಗೆ ಸಾರಲ್ಲಿ ಬೆರೆಸಿದ್ರೆ ಅದು ಔಷಧಿ ಅಲ್ಲ, ವಿಷ ಹಾಕಿದ ಹಾಗೆ.

ಮಾಡಬೇಕಾದ್ದು: ನಾಳೆ ಬೆಳಿಗ್ಗೆ ಮನೋವೈದ್ಯ ವಿಭಾಗ, ಹೆರಿಗೆ ವಿಭಾಗ ಎರಡೂ ಇರೋ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಕಾಲೇಜು ಆಸ್ಪತ್ರೆ ಆದ್ರೆ ಒಳ್ಳೇದು. ಒಳಗೆ ಸೇರಿಸ್ಕೊಂಡು ನಡುಕ, ಫಿಟ್ಸ್ ತಡೆಯೋ ಮಾತ್ರೆ ಅಳತೆ ಪ್ರಕಾರ ಕೊಟ್ಟು ದಿನಾ ಇಳಿಸ್ತಾ ಬರ್ತಾರೆ. ಥಯಮಿನ್, ಅಂದ್ರೆ ಬಿ1 ಇಂಜೆಕ್ಷನ್ ಕೊಡ್ತಾರೆ. ಊರಿನ ಕ್ಲಿನಿಕ್ಕಲ್ಲಿ ಸುಸ್ತು ಅಂತ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಬಾಟಲಿ ಏರಿಸೋಕೆ ಬಿಡಬೇಡಿ. ಮಗುವಿನ ಎದೆಬಡಿತ ಅಲ್ಲೇ ನೋಡ್ತಿರ್ತಾರೆ. ಆಸ್ಪತ್ರೆ ತಲುಪೋವರೆಗೂ ಬಲವಂತವಾಗಿ ಪೂರ್ತಿ ನಿಲ್ಲಿಸೋಕೆ ಹೋಗಬೇಡಿ. ವಿಚಿತ್ರ ಅನ್ಸುತ್ತೆ, ಆದ್ರೆ ಅದೇ ಸರಿ.

ರಾತ್ರಿ ಮಾತಾಡಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕಟ್ಟೆಪುರಾಣ · ಸೋಮವಾರ ಬೆಳಿಗ್ಗೆ 7:05

ಹೆಣ್ಣುಮಕ್ಕಳು ಕುಡಿಯೋ ಕಾಲ ಬಂತಲ್ಲಪ್ಪ. ಇದೆಲ್ಲ ಸಿಟಿ ಸಹವಾಸ. ಇಂಥವರಿಗೆ ಮಗು ಹುಟ್ಟಿದ ತಕ್ಷಣ ಸರ್ಕಾರದವರು ಕಿತ್ಕೊಂಡು ಬೇರೆ ಕಡೆ ಸಾಕಬೇಕು. ಬುದ್ಧಿ ಬರುತ್ತೆ.

ಮೂಡಿಗೆರೆ_ಮಳೆ · ಸೋಮವಾರ ಬೆಳಿಗ್ಗೆ 7:31

@ಕಟ್ಟೆಪುರಾಣ ಸ್ವಾಮಿ, ನೀವು ಕಾಫಿ ತೋಟದ ಲೈನ್ ಮನೆ ನೋಡಿಲ್ಲ ಅನ್ಸುತ್ತೆ. ಜೂನ್ ತಿಂಗಳ ಮಳೇಲಿ ಗೊಪ್ಪೆ ಹಾಕ್ಕೊಂಡು ಇಡೀ ದಿನ ಕೆಲಸ ಮಾಡಿ ಬಂದ ಹೆಂಗಸರು ಮೈಕೈ ನೋವಿಗೆ ಅಂತ ಗಂಡನ ಜೊತೆ ಕೂತು ಒಂದು ಪ್ಯಾಕೆಟ್ ಒಡೆಯೋದು ನಮ್ಮಜ್ಜಿ ಕಾಲದಿಂದ ಇದೆ. ಆಗ ಸಾರಾಯಿ. 2007ರ ಜುಲೈಗೆ ಸಾರಾಯಿ ನಿಂತ ಮೇಲೆ ಅದೇ ಕೈಗೆ ಅಗ್ಗದ ವಿಸ್ಕಿ ಬಂತು. ಸಿಟಿ ಎಲ್ಲಿಂದ ಬಂತು ಇದರಲ್ಲಿ?

ಏಮ್ಸ್‌ನವರು ದೇಶದೆಲ್ಲೆಡೆ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಮದ್ಯ ಸೇವಿಸೋ ಹೆಂಗಸರು ಶೇ 1.6, ಗಂಡಸರು ಶೇ 27.3. ಕಡಿಮೆ ಇದ್ದಾರೆ ಅನ್ನೋದೇ ಆ ಹೆಂಗಸರ ಕಷ್ಟ. ವಾರ್ಡು, ಶಿಬಿರ, ಸಭೆ ಎಲ್ಲ ಗಂಡಸರ ಲೆಕ್ಕಕ್ಕೆ ಕಟ್ಟಿರೋದು. ನಮ್ಮ ಕಡೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಯುತ್ತೆ, ಒಳ್ಳೇ ಕೆಲಸ, ನಮ್ಮ ಚಿಕ್ಕಪ್ಪ ಅಲ್ಲಿಂದಲೇ ಬಿಟ್ಟಿದ್ದು. ಆದ್ರೆ ಕಲ್ಯಾಣ ಮಂಟಪದಲ್ಲಿ ಎಂಟು ದಿನ ಸಾಲಾಗಿ ಮಲಗೋ ಗಂಡಸರ ನಡುವೆ ಐದು ತಿಂಗಳ ಬಸುರಿ ಎಲ್ಲಿ ಮಲಗ್ತಾಳೆ ಹೇಳಿ.

ಎರಡು_ಮಕ್ಕಳ_ತಾಯಿ · ಸೋಮವಾರ ಮಧ್ಯಾಹ್ನ 2:15

ಮೂರು ಸಲ ಬರೆದು ಅಳಿಸಿದೆ. ಈಗ ಮಗು ಮಲಗಿದೆ, ಬರೀತೀನಿ.

ನಾನು ಕುಡೀತಿದ್ದೆ. ಬಿಟ್ಟು ನಾಲ್ಕು ವರ್ಷ ಎರಡು ತಿಂಗಳು. ಬ್ಯಾಂಕ್ ಕೆಲಸ, ಹಣೇಲಿ ಕುಂಕುಮ, ಅಪಾರ್ಟ್‌ಮೆಂಟಿನ ಗಣೇಶ ಕಮಿಟಿಯಲ್ಲಿ ಖಜಾಂಚಿ. ಸ್ಟೀಲ್ ನೀರಿನ ಬಾಟಲಿಯಲ್ಲಿ ವೋಡ್ಕಾ. ಯಾರಿಗೂ ಗೊತ್ತಾಗಲಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಅತ್ತೆಗೆ ಗೊತ್ತಿತ್ತಂತೆ, ಒಂದು ವರ್ಷದಿಂದ. ಹೇಳಿದ್ರೆ ಮಗನ ಸಂಸಾರ ಮುರಿಯುತ್ತೆ ಅಂತ ಅವರು ಸುಮ್ಮನಿದ್ರು. ನಾನು ಮುಚ್ಚಿಡ್ತಿದ್ದೆ, ಅವರೂ ಮುಚ್ಚಿಡ್ತಿದ್ರು, ಇಬ್ಬರೂ ಒಂದೇ ಅಡುಗೆಮನೆಯಲ್ಲಿ.

ದೊಡ್ಡ ಮಗಳಿಗೆ ಏಳು ತಿಂಗಳಿದ್ದಾಗ ನನ್ನನ್ನ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ರು. "ಮೂರು ತಿಂಗಳ ಕೋರ್ಸ್, ಮಗು ತರೋ ಹಾಗಿಲ್ಲ, ಮೊದಲ ತಿಂಗಳು ಫೋನ್ ಇಲ್ಲ." ಹಾಲು ಕುಡಿಯೋ ಮಗು. ಮೂರನೇ ದಿನಕ್ಕೆ ಎದೆ ಕಲ್ಲಾಯ್ತು, ಜ್ವರ ಬಂತು. ಅಲ್ಲಿದ್ದ ವಾರ್ಡನ್ "ಕುಡಿಯೋವಾಗ ಮಗು ನೆನಪಿರಲಿಲ್ವಾ" ಅಂದಳು. ರಾತ್ರಿ ಬಾತ್‌ರೂಮಲ್ಲಿ ಹಾಲು ಹಿಂಡಿ ಚೆಲ್ತಿದ್ದೆ. ಹತ್ತೊಂಬತ್ತನೇ ದಿನ ಜಗಳ ಮಾಡಿ ಹೊರಗೆ ಬಂದೆ. "ರೋಗಿ ಸಹಕರಿಸಲಿಲ್ಲ" ಅಂತ ಬರೆದುಕೊಟ್ರು. ಮನೆಗೆ ಬಂದ ದಿನವೇ ಕುಡಿದೆ.

ಎರಡನೇ ಸಲ ಬಸುರಾದಾಗ ನಮ್ಮ ಹೆರಿಗೆ ಡಾಕ್ಟರು, ವಯಸ್ಸಾದವರು, ಎಲ್ಲರನ್ನೂ ಕೇಳೋ ಹಾಗೆ ಕೇಳಿದ್ರು. "ನಿದ್ದೆ ಹೇಗಿದೆ, ಮನೇಲಿ ಯಾರ್ಯಾರಿದ್ದಾರೆ, ಎಲೆಅಡಿಕೆ, ಸಿಗರೇಟು, ಡ್ರಿಂಕ್ಸ್ ಏನಾದ್ರೂ?" ತಲೆ ಎತ್ತದೆ ಬರ್ಕೊಳ್ತಾನೇ ಕೇಳಿದ್ರು. ಆ ತಲೆ ಎತ್ತದೆ ಇದ್ದಿದ್ದಕ್ಕೇ ನನಗೆ ಹೇಳೋಕಾಗಿದ್ದು. ಅಲ್ಲಿಂದ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ. ಒಳಗಿದ್ದು ಸ್ವಲ್ಪವೇ ದಿನ, ಆಮೇಲೆ ವಾರವಾರ ಹೋಗಿ ಬರೋದು. ಅತ್ತೆ ಜೊತೆಗೆ ಬರೋರು. ಮನೆಯಿಂದ ಬಸ್ಸಿಗೆ ಒಂದು ಗಂಟೆ, ಆ ಒಂದು ಗಂಟೆ ನಾವಿಬ್ಬರೂ ಅದುವರೆಗೆ ಆಡದ ಮಾತೆಲ್ಲ ಆಡಿದ್ವಿ.

@ಹೇಮಾವತಿ_ನಾದಿನಿ ನಿಮ್ಮ ಅತ್ತಿಗೆಗೆ ಇವತ್ತೇ ಎಲ್ಲ ಹೇಳೋಕೆ ಹೋಗಬೇಡಿ. "ನಾನು ಜೊತೆಗೆ ಬರ್ತೀನಿ" ಅಂತ ಒಂದು ಹೇಳಿ. ಅದನ್ನ ಸಂಜೆ ಹೇಳಬೇಡಿ, ಬೆಳಿಗ್ಗೆ ಹೇಳಿ. ಸಂಜೆ ಕೇಳೋ ಕಿವಿ ಬೇರೆ.

ನಿರ್ವಾಹಕರು · ಸೋಮವಾರ ಮಧ್ಯಾಹ್ನ 2:40

ಕೇಂದ್ರಗಳ ಹೆಸರು ಹಾಕಿ ದೂರು ಬರೆಯಬೇಡಿ. @ಕಟ್ಟೆಪುರಾಣ, ನಿಮ್ಮ ಕಾಮೆಂಟ್ ಇಟ್ಟಿದ್ದೇವೆ, ಏಕೆಂದರೆ ಹೊರಗೆ ಅನೇಕರು ಇದನ್ನೇ ಹೇಳುತ್ತಾರೆ. ಎರಡನೇ ಸಲ ಬಂದರೆ ಇರುವುದಿಲ್ಲ.

ಕರಿಕೋಟು · ಸೋಮವಾರ ಸಂಜೆ 5:50

ಮಗು ಕಿತ್ತುಕೊಳ್ಳುವ ಮಾತು ಬಂತಲ್ಲ, ಕಾನೂನು ಏನು ಹೇಳುತ್ತದೆ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಯಿಂದ ಆಗುವ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಯೊಳಗೇ ಬರುತ್ತವೆ. ಅದರ 21ನೇ ಕಲಂ, ಎರಡನೇ ಉಪಕಲಂ: ಚಿಕಿತ್ಸೆಗೆ ದಾಖಲಾದ ಮಹಿಳೆಯ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡುವಂತಿಲ್ಲ.

ಮಗುವಿಗೆ ಅಪಾಯ ಇದೆ ಎಂದು ಮನೋವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ತಾಯಿ ಮಗುವನ್ನು ನೋಡಲು ಅವಕಾಶ ಕೊಡಬೇಕು. ಹದಿನೈದು ದಿನಕ್ಕೊಮ್ಮೆ ಆ ತೀರ್ಮಾನವನ್ನು ಮತ್ತೆ ಪರಿಶೀಲಿಸಬೇಕು. ಒಂದೇ ಸಮನೆ ಮೂವತ್ತು ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮೇಲಿನ ಸೋದರಿಗೆ ಹೇಳಿದಂತೆ "ಮಗು ತರುವ ಹಾಗಿಲ್ಲ" ಎಂಬ ಬೋರ್ಡು ಹಾಕಿಕೊಂಡವರು ಯಾವ ಕಾಯ್ದೆ ಓದಿದ್ದಾರೋ ತಿಳಿಯದು. ಸರಪಳಿ ಹಾಕುವುದನ್ನೂ ಇದೇ ಕಾಯ್ದೆ ಪೂರ್ತಿ ನಿಷೇಧಿಸಿದೆ. ವೈದ್ಯರು ವಿಷಯವನ್ನು ಗುಟ್ಟಾಗಿಡಬೇಕು ಎಂದೂ ಇದೆ. "ಯಾರಿಗೂ ಗೊತ್ತಾಗದ ಹಾಗೆ" ಎಂದು ಶೀರ್ಷಿಕೆಯಲ್ಲಿ ಕೇಳಿದ್ದಕ್ಕೆ ಅಷ್ಟರಮಟ್ಟಿಗೆ ಉತ್ತರ ಇದೆ: ಊರಿನಿಂದ ಮುಚ್ಚಿಡಬಹುದು, ವೈದ್ಯರಿಂದ ಅಲ್ಲ.

ಸೇರಿಸುವ ಮುನ್ನ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ನ್ಯಾಶ್‌ವಿಲ್_ನರ್ಸಮ್ಮ · ಸೋಮವಾರ ರಾತ್ರಿ 9:10

ನಾನು ದಾವಣಗೆರೆಯವಳು, ಈಗ ಅಮೆರಿಕದ ಟೆನೆಸಿ ರಾಜ್ಯದಲ್ಲಿ ಎಳೆ ಕೂಸುಗಳ ಐಸಿಯುನಲ್ಲಿ ಕೆಲಸ. ಕಟ್ಟೆಪುರಾಣ ಹೇಳಿದ ಹಾಗೆ ತಾಯಂದಿರಿಗೆ ಶಿಕ್ಷೆ ಕೊಡೋದನ್ನ ಇಲ್ಲಿ ನಿಜವಾಗಲೂ ಮಾಡಿ ನೋಡಿದ್ರು. 2014ರಲ್ಲಿ ಒಂದು ಕಾನೂನು ತಂದ್ರು, ಬಸುರೀಲಿ ಡ್ರಗ್ಸ್ ತಗೊಂಡು ಮಗುವಿಗೆ ತೊಂದರೆ ಆದ್ರೆ ತಾಯಿ ಮೇಲೆ ಕೇಸು. ಆಮೇಲೇನಾಯ್ತು? ಎಷ್ಟೋ ಹೆಂಗಸರು ಚೆಕಪ್ಪಿಗೆ ಬರೋದನ್ನೇ ನಿಲ್ಲಿಸಿದ್ರು. ಕೆಲವರು ಪಕ್ಕದ ರಾಜ್ಯಕ್ಕೆ ಹೋಗಿ ಹೆತ್ರು. 2016ರಲ್ಲಿ ಅವಧಿ ಮುಗಿದಾಗ ಕಾನೂನನ್ನ ಮುಂದುವರಿಸಲಿಲ್ಲ.

ಇಲ್ಲಿ ನಾವು ಜಾಸ್ತಿ ನೋಡೋದು ನೋವಿನ ಮಾತ್ರೆ, ಹೆರಾಯಿನ್, ಫೆಂಟನಿಲ್ ಕೇಸು. ಆ ಮಕ್ಕಳು ಹುಟ್ಟಿದ ಒಂದೆರಡು ದಿನಕ್ಕೆ ನಡುಗ್ತವೆ, ಕೀರಲು ದನಿಯಲ್ಲಿ ಅಳ್ತವೆ, ಹಾಲು ಕುಡಿಯಲ್ಲ. ಮುಂಚೆ ಅವನ್ನ ತಾಯಿಯಿಂದ ದೂರ ಮಾಡಿ ಐಸಿಯುನಲ್ಲಿಟ್ಟು ಅಂಕ ಹಾಕಿ ಮಾರ್ಫಿನ್ ಹನಿ ಕೊಡ್ತಿದ್ವಿ. ಈಗ ಮೂರೇ ಪ್ರಶ್ನೆ: ಹಾಲು ಕುಡೀತಾ, ಮಲಗ್ತಾ, ಎತ್ಕೊಂಡ್ರೆ ಸುಮ್ಮನಾಗ್ತಾ? ಮಂದ ಬೆಳಕು, ಬಿಗಿಯಾಗಿ ಬಟ್ಟೆ ಸುತ್ತೋದು, ತಾಯಿ ಎದೆ ಮೇಲೆ ಮಲಗಿಸೋದು. 26 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಬಂತು. ಹಳೇ ಕ್ರಮದಲ್ಲಿ ಮಗು ಮನೆಗೆ ಹೋಗೋ ಹಾಗಾಗೋಕೆ ಸರಾಸರಿ 14.9 ದಿನ, ಈ ಕ್ರಮದಲ್ಲಿ 8.2 ದಿನ. ನಮ್ಮಜ್ಜಿ ಕೇಳಿದ್ರೆ "ಇದಕ್ಕೆ ಅಮೆರಿಕದವರೇ ಬೇಕಿತ್ತಾ" ಅಂತಿದ್ರು.

ನಿಮ್ಮ ಅತ್ತಿಗೆ ಕೇಸು ಬೇರೆ, ಆಲ್ಕೋಹಾಲ್. ಅದು ಮಗುವಿನ ಮಿದುಳು ಬೆಳೆಯೋದಕ್ಕೇ ಕೈ ಹಾಕುತ್ತೆ, ಇಷ್ಟು ಕುಡಿದ್ರೆ ಪರವಾಗಿಲ್ಲ ಅನ್ನೋ ಅಳತೆ ಇಲ್ಲ. ಆದ್ರೆ ಯಾವ ವಾರ ಬಿಟ್ರೂ ಮುಂದಿನ ವಾರಗಳಷ್ಟು ಉಳೀತು. "ಆಗಲೇ ಐದು ತಿಂಗಳಾಯ್ತು, ಆಗಿದ್ದು ಆಗಿಹೋಯ್ತು" ಅಂತ ಯಾರೂ ಹೇಳದ ಹಾಗೆ ನೋಡ್ಕೊಳ್ಳಿ.

ಹೊಸಬ_26 · ಸೋಮವಾರ ರಾತ್ರಿ 10:02

ಮೇಡಂ ನೋವಿನ ಮಾತ್ರೆ ಅಂದ್ರಲ್ಲ. ನನ್ನ ಹೆಂಡತಿ ಬೆನ್ನುನೋವಿಗೆ ಶುರು ಮಾಡಿದ್ದು, ಟ್ರಮಡಾಲ್, ಈಗ ದಿನಕ್ಕೆ ಆರೇಳು. ಎರಡು ತಿಂಗಳ ಬಸುರಿ. ಗೊತ್ತಾದ ದಿನವೇ ಎಲ್ಲಾ ಕಸಕ್ಕೆ ಹಾಕಿದೆ. ಎರಡು ದಿನದಿಂದ ಒದ್ದಾಡ್ತಿದಾಳೆ.

ಲೇಬರ್_ವಾರ್ಡ್_ಸಿಸ್ಟರ್ · ಸೋಮವಾರ ರಾತ್ರಿ 10:09

@ಹೊಸಬ_26 ಬೆಳಿಗ್ಗೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ಟ್ರಮಡಾಲ್ ಹೀಗೆ ದಿಢೀರ್ ನಿಲ್ಲಿಸೋದು ಬಸುರಿಗೆ ಒಳ್ಳೇದಲ್ಲ. ಇದಕ್ಕೆ ಬದಲಿ ಔಷಧಿ ಇದೆ, ಬ್ಯೂಪ್ರಿನಾರ್ಫಿನ್ ಅಂತ. ಬಸುರೀಲೂ ಕೊಡ್ತಾರೆ, ಹೆರಿಗೆವರೆಗೂ ಮುಂದುವರಿಸ್ತಾರೆ. "ಒಂದು ಚಟ ಬಿಟ್ಟು ಇನ್ನೊಂದು ಹಿಡಿಸ್ತಾರೆ" ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಖಾಲಿ ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ, ಎಷ್ಟು ಮಿಲಿಗ್ರಾಂ ಅಂತ ಡಾಕ್ಟರು ನೋಡಬೇಕು. ಹೋಗಿ ಬಂದು ಇಲ್ಲಿ ಬರೀರಿ.

ಆಶಾ_ಗದಗ · ಮಂಗಳವಾರ ಬೆಳಿಗ್ಗೆ 6:20

ನೀವೆಲ್ಲಾ ಕುಡಿತದ್ದ ಹೇಳಾಕತ್ತೀರಿ. ನಮ್ಮ ಕಡೆ ಅದಕ್ಕಿಂತ ದೊಡ್ಡದು ತಂಬಾಕರಿ. ಅದನ್ನ ಯಾರೂ ಚಟ ಅಂತ ತಿಳಕೊಂಡಿಲ್ಲ. 2016-17ರ ಸರ್ವೇದಾಗ ಹೊಗಿ ಇಲ್ಲದ ತಂಬಾಕು ಬಳಸೋ ಹೆಣ್ಮಕ್ಕಳು ದೇಶದಾಗ ನೂರಕ್ಕ 12.8 ಅಂತ ನಮ್ಮ ಆಶಾ ಕಾರ್ಯಕರ್ತೆಯರ ಟ್ರೇನಿಂಗದಾಗ ಹೇಳಿದ್ರು. ನಾ ತಿರುಗಾಡೋ ಓಣ್ಯಾಗ ಲೆಕ್ಕ ಹಾಕಿದ್ರ ಅದು ಭಾಳ ಕಡಿಮಿ ಅನಸ್ತೈತಿ. ಎಲಿ ಅಡಿಕಿ ಜೋಡಿ ತಂಬಾಕು, ಇಲ್ಲಾಂದ್ರ ಹಲ್ಲಿಗೆ ತಿಕ್ಕೋ ನಶ್ಯ. ಬೆಳಗಾವಿ ಕಡೆ ಮಶೇರಿ ಅಂತಾರ, ತಂಬಾಕು ಹುರದು ಪುಡಿ ಮಾಡಿ ತಿಕ್ಕೋದು.

ಬಸರ ಇದ್ದಾಗ ಇನ್ನೂ ಜಾಸ್ತಿ ಆಗ್ತೈತಿ. ಯಾಕಂದ್ರ ವಾಂತಿ ನಿಲ್ತೈತಿ, ಬಾಯಿಗೆ ರುಚಿ ಬರ್ತೈತಿ ಅಂತಾರ. ಒಬ್ಬಾಕಿ ನನಗ ನೇರ ಹೇಳಿದ್ಲು, "ಅಕ್ಕಾ, ಕೂಸು ಸಣ್ಣದಾದ್ರ ಹೆರಿಗಿ ಹಗೂರಾಗ್ತೈತಿ." ಕೂಸು ಸಣ್ಣದಾಗೋದಂತೂ ಖರೇ. ದಿನಾ ತುಂಬೋಕಿಂತ ಮೊದಲ ಹುಟ್ಟೋದೂ ಖರೇ, ಹೊಟ್ಟ್ಯಾಗ ಹೋಗೋದೂ ಖರೇ. ಹಗೂರ ಆಗೋದೊಂದ ಸುಳ್ಳು.

ನಾ "ತಂಬಾಕು ತಿಂತಿ ಏನ" ಅಂತ ಕೇಳಂಗಿಲ್ರಿ. ಕೇಳಿದ್ರ "ಇಲ್ಲ" ಅಂತಾರ. "ಊಟ ಆದಮ್ಯಾಲೆ ಎಲಿ ಜೋಡಿ ಏನೇನು ಹಾಕ್ಕೊಂತಿ?" ಅಂತೀನಿ. ಆಗ ಎಲ್ಲಾ ಹೇಳ್ತಾರ. ತಾಯಿ ಕಾರ್ಡದಾಗ ಬರಕೊಂಡು ಪ್ರತಿ ತಿಂಗಳು ಒಂಬತ್ತನೇ ತಾರೀಖಿಗೆ ಡಾಕ್ಟರು ತಪಾಸಣಿ ಮಾಡ್ತಾರಲ್ಲ, ಆವತ್ತ ಕರಕೊಂಡು ಹೋಗಿ ಕುಂಡ್ರಸ್ತೀನಿ.

ಆದ್ರ ಖರೇ ಕೆಲಸ ಇರೋದು ಅತ್ತಿ ಹತ್ರ. ಮನ್ಯಾಗ ಎಲಿ ಚಂಚಿ ಅತ್ತೀದು. ಸಂಜಿ ಮುಂದ ಕಟ್ಟಿ ಮ್ಯಾಲೆ ಅತ್ತಿ ಚಂಚಿ ಬಿಚ್ಚಿ ಕುಂತ್ರ ಸೊಸಿ ಹೆಂಗ ಬಿಡ್ತಾಳ? ಒಂದ ಮನ್ಯಾಗ ಮುದುಕಿಗೆ ಹೇಳಿದ್ನಿ, "ಯವ್ವಾ, ನೀ ಬಿಡೋದು ಬ್ಯಾಡ, ನಾಲ್ಕ ತಿಂಗಳ ಚಂಚಿ ಹಿತ್ತಲದಾಗ ಇಡು, ಅಲ್ಲೇ ಹೋಗಿ ಹಾಕ್ಕೋ." ಹಿತ್ತಲಕ್ಕ ಎದ್ದು ಹೋಗಾಕ ಮೊಳಕಾಲ ನೋವು, ಅದಕ್ಕ ಮುದುಕೀದೂ ಅರ್ಧಕ್ಕ ಇಳೀತು. ಸೊಸಿ ಲವಂಗ, ಬಡೆಸೋಪು ಬಾಯಾಗ ಇಟಗೊಂಡು ಬಿಟ್ಲು. ತಂಬಾಕು ಬಿಡಾಕ 1800-11-2356 ಅಂತ ಬಿಟ್ಟಿ ನಂಬರ್ ಐತಿ. ಫೋನ್ ಇರೋದು ಗಂಡನ ಕೈಯಾಗ, ಅದು ಬ್ಯಾರೆ ಮಾತು.

ಬಾಣಂತಿಗೆ ಊಟ ಆದಮ್ಯಾಲೆ ಎಲಿ ಅಡಿಕಿ ತಿನಸ್ತೀವಲ್ಲ, ತಂಬಾಕಿನ ಪರಿಚಯ ಎಷ್ಟೋ ಮಂದಿಗೆ ಅಲ್ಲೇ ಆಗೋದು. ಎಲಿ ಕೊಡ್ರಿ, ಸುಣ್ಣ ಕೊಡ್ರಿ. ಅಷ್ಟಕ್ಕ ಬಿಡ್ರಿ.

ಕುಡ್ಲದ_ಬಾಯಮ್ಮ · ಮಂಗಳವಾರ ಬೆಳಿಗ್ಗೆ 9:45

ಬಾಣಂತನದ ಮಾತು ಬಂತಲ್ಲ, ನಮ್ಮಲ್ಲಿ ಇನ್ನೊಂದು ಉಂಟು. ಬಾಣಂತಿಗೆ ಬ್ರಾಂಡಿ. ಮೈ ಬೆಚ್ಚಗಿರಬೇಕು, ಗಾಯ ಒಣಗಬೇಕು ಅಂತ ಅಜ್ಜಿಯಂದಿರು ಒಂದೊಂದು ಮುಚ್ಚಳ ಕೊಡುವುದು. ಮಗುವಿಗೆ ಶೀತ ಆದರೆ ಒಂದು ಹನಿ ನಾಲಿಗೆಗೆ. ಕುಡಿತ ಬಿಟ್ಟು ನಾಲ್ಕು ತಿಂಗಳಾದವಳಿಗೆ ತವರಿನಲ್ಲಿ ಪ್ರೀತಿಯಿಂದ ಆ ಮುಚ್ಚಳ ಕೊಟ್ಟರೆ ಏನಾಗ್ತದೆ ಮಾರಾಯ್ರೆ? ನನ್ನ ತಂಗಿಗೆ ಹಾಗೇ ಆದದ್ದು. ಅಮ್ಮನಿಗೆ ನಾವು ಹೇಳಿರಲಿಲ್ಲ, ಮರ್ಯಾದೆ ಅಂತ. ಹನ್ನೊಂದನೇ ದಿನಕ್ಕೆ ಬಾಟಲಿ ಖಾಲಿ, ಅಮ್ಮ ಪಾಪ ಇಲಿ ಉರುಳಿಸಿತು ಅಂದ್ಕೊಂಡರು.

ಹಾಗಾಗಿ ತವರಿಗೆ ಹೇಳಲೇಬೇಕು. ಎಲ್ಲರಿಗೂ ಬೇಡ, ಬಾಣಂತನ ಮಾಡುವ ಒಬ್ಬರಿಗೆ. ಹಾಲಿನ ವಿಷಯವೂ ಹೇಳಿಡಿ. ತಾಯಿಯ ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಉಂಟೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಿಂಡಿ ಚೆಲ್ಲಿದರೆ ಬೇಗ ಹೋಗುವುದಿಲ್ಲ, ಹೊತ್ತು ಕಳೆಯಬೇಕು. ಎಲ್ಲಕ್ಕಿಂತ ಮುಖ್ಯ, ಕುಡಿದ ರಾತ್ರಿ ತಾಯಿಯಾಗಲಿ ತಂದೆಯಾಗಲಿ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗಲೇಬಾರದು.

ಹೇಮಾವತಿ_ನಾದಿನಿ · ಬುಧವಾರ ಸಂಜೆ 4:30

ಸೇರಿಸಿದ್ವಿ. ಮಂಗಳವಾರ ಬೆಳಿಗ್ಗೆ ಆರೂವರೆಗೆ ಅತ್ತಿಗೆ ಹೂ ಕೊಯ್ತಿದ್ಲು, ಹೋಗಿ "ನಾನು ಜೊತೆಗೆ ಬರ್ತೀನಿ" ಅಂದೆ. ಎಲ್ಲಿಗೆ ಅಂತ ಕೇಳಲಿಲ್ಲ. ಸೀರೆ ಬದಲಾಯಿಸ್ಕೊಂಡು ಬಂದು ನಿಂತಳು.

ಮಾತ್ರೆ ಕೊಟ್ಟಿದ್ದಾರೆ, ನಡುಕ ಇಳಿದಿದೆ. ಮಗುವಿನ ಎದೆಬಡಿತ ಚೆನ್ನಾಗಿದೆಯಂತೆ. ಪುಡಿ ಕೊರಿಯರ್ ಇವತ್ತು ಬಂತು, ಅಮ್ಮ ತಾನೇ ವಾಪಸ್ ಕಳಿಸಿದ್ರು, 1,800 ರೂಪಾಯಿ ಅಂತ ಗೊಣಗ್ಕೊಂಡು.

ಈಗ ಅಣ್ಣನ ಸಮಸ್ಯೆ. ಡಾಕ್ಟರು ಅವನನ್ನ ಕೂರಿಸ್ಕೊಂಡು "ನೀವೂ ನಿಲ್ಲಿಸ್ಬೇಕು" ಅಂದ್ರು. ಹೊರಗೆ ಬಂದು "ಕಾಯಿಲೆ ಅವಳಿಗೆ, ಪಥ್ಯ ನನಗಾ" ಅಂತಾನೆ.

ಸಂಜೆ_ಆರು · ಬುಧವಾರ ರಾತ್ರಿ 8:15

ಇದಕ್ಕೆ ನಾನು ಉತ್ತರ ಕೊಡಬಹುದು, ಯಾಕಂದ್ರೆ ಇದೇ ಮಾತು ನಾನೂ ಆಡಿದ್ದೆ. ತುಮಕೂರಿನವನು, ಹೆಂಡತಿ ಕುಡಿತ ಬಿಟ್ಟು ಮೂರು ವರ್ಷ.

ನಿಮ್ಮಣ್ಣನಿಗೆ ಕೇಳಿ: ಮನೇಲಿ ಸಕ್ಕರೆ ಕಾಯಿಲೆಯವರಿದ್ರೆ ಎದುರಿಗೆ ಕೂತು ಜಿಲೇಬಿ ತಿಂತಾನಾ? ತಿನ್ನಬಹುದು, ಗಂಡಸರು ತಿಂತಾರೆ. ಆದ್ರೆ ಇದು ಜಿಲೇಬಿ ಅಲ್ಲ. ನಾನು "ಆಚೆ ಕುಡ್ಕೊಂಡು ಬರ್ತೀನಿ, ಮನೆಗೆ ತರಲ್ಲ" ಅಂದೆ. ಅವಳು ಆಸ್ಪತ್ರೆಯಲ್ಲಿ ಕೌನ್ಸೆಲರ್ ಹತ್ರ ಹೇಳಿದ್ದು ನನಗೆ ಆಮೇಲೆ ಗೊತ್ತಾಯ್ತು: "ಅವರು ಬಂದು ಪಕ್ಕ ಮಲಗಿದ ಮೇಲೆ ಆ ವಾಸನೇಲಿ ನಾನು ರಾತ್ರಿಯೆಲ್ಲ ಎದ್ದಿರ್ತೀನಿ." ಮಾರನೇ ದಿನ ನಿಲ್ಲಿಸಿದೆ. ದೊಡ್ಡ ತ್ಯಾಗ ಅಲ್ಲ, ನಿಲ್ಲಿಸಿದ ಮೇಲೆ ನನಗೂ ಎಷ್ಟು ಅಂಟಿಕೊಂಡಿತ್ತು ಅಂತ ತಿಳೀತು. ನನಗೂ ಮಾತ್ರೆ ಬೇಕಾಯ್ತು.

ಆಮೇಲೆ ನಾವು ಮಾಡಿದ್ದು ಒಂದೇ. ಸಂಜೆ ಆರರಿಂದ ಎಂಟು, ಆ ಎರಡು ಗಂಟೆ ಅವಳು ಒಬ್ಬಳೇ ಇರಬಾರದು. ಕೆಲವು ದಿನ ನಡೆದಾಡೋದು, ಕೆಲವು ದಿನ ಅವರಕ್ಕನ ಮನೆ, ಮಳೆ ಬಂದ್ರೆ ಅವರೆಕಾಯಿ ಸುಲಿಯೋದು. ಮಗು ರಾತ್ರಿ ಎದ್ರೆ ಮೊದಲ ಪಾಳಿ ನಂದು. ನಿದ್ದೆ ಕೆಟ್ಟರೆ ಅವಳಿಗೆ ಮನಸ್ಸು ಎಳೀತಿತ್ತು, ಅದನ್ನ ಅವಳೇ ಹೇಳಿದ್ದು. ಎಎ ಸಭೆಗೂ, ಅಂದ್ರೆ ಕುಡಿತ ಬಿಡೋರು ಒಟ್ಟಿಗೆ ಕೂತು ಮಾತಾಡೋ ಸಭೆಗೂ ಹೋಗ್ತಾಳೆ, ಹೆಂಗಸರದ್ದೇ ಆನ್‌ಲೈನ್ ಸಭೆ ಇದೆ, ಕ್ಯಾಮೆರಾ ಆಫ್ ಮಾಡ್ಕೊಂಡು ಕೂತ್ಕೋತಾಳೆ.

ಕರಿಕೋಟು · ಬುಧವಾರ ರಾತ್ರಿ 8:50

ಒಂದು ಸೇರಿಸುತ್ತೇನೆ. ಕೆಲವು ಮನೆಗಳಲ್ಲಿ ಕುಡಿತದ ಹಿಂದೆ ಏಟು ಇರುತ್ತದೆ. ಅಂಥ ಕಡೆ "ಗಂಡ ಜೊತೆಗಿರಲಿ" ಎಂಬ ಸಲಹೆ ನಡೆಯದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದ ದಾರಿ ಹೇಳುತ್ತಾರೆ. ವೈದ್ಯರು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸುವುದು ಇದಕ್ಕೇ. ನಾದಿನಿಯಾದರೂ ಆ ಐದು ನಿಮಿಷ ಹೊರಗೆ ಕೂರಬೇಕು.

ಹೊಸಬ_26 · ಶುಕ್ರವಾರ ಬೆಳಿಗ್ಗೆ 11:00

ಹೋಗಿದ್ವಿ ಸಿಸ್ಟರ್. ಆವತ್ತೇ ರಾತ್ರಿ ಅಡ್ಮಿಟ್ ಮಾಡ್ಕೊಂಡ್ರು, ಈಗ ಪರವಾಗಿಲ್ಲ. ಥ್ಯಾಂಕ್ಸ್.

ಹೇಮಾವತಿ_ನಾದಿನಿ · ಏಳು ತಿಂಗಳ ನಂತರ

ಈ ಥ್ರೆಡ್ ಇನ್ನೂ ತೆರೆದಿದೆ ಅಂತ ಬರೀತಿದ್ದೀನಿ. ಸುಮಾರು ಜನ ಮೆಸೇಜಲ್ಲಿ ಕೇಳಿದ್ರಿ.

ಹುಡುಗಿ. ಮೂವತ್ತೇಳನೇ ವಾರಕ್ಕೆ ಹುಟ್ಟಿತು, 2.4 ಕೆಜಿ. ನೋಡೋಕೆ ಎಲ್ಲ ಸರಿ ಇದೆ. ಆದ್ರೆ ಮಕ್ಕಳ ಡಾಕ್ಟರಿಗೆ ಎಲ್ಲ ಹೇಳಿದ್ದೀವಿ, ಬೆಳವಣಿಗೆ, ಮಾತು, ಗಮನ ಎಲ್ಲ ಶಾಲೆಗೆ ಹೋಗೋವರೆಗೂ ನೋಡ್ತಾ ಇರಬೇಕಂತೆ. ಅತ್ತಿಗೆ ಪ್ರತಿ ಸಲ ತೂಕ ನೋಡುವಾಗ ಉಸಿರು ಬಿಗಿ ಹಿಡೀತಾಳೆ.

ನಡುವೆ ಒಂದು ಸಲ ಜಾರಿದ್ಲು. ಏಳನೇ ತಿಂಗಳಲ್ಲಿ, ಅಣ್ಣನ ಕಡೆಯ ಮದುವೆ ಮನೇಲಿ. ನಾವು ಕೂಗಾಡಿದ್ವಿ, ಅಮ್ಮ ಊಟ ಬಿಟ್ರು, ಎಲ್ಲಾ ಆಯ್ತು. ಮಾರನೇ ದಿನ ಅವಳೇ ನನಗೆ ಫೋನ್ ಮಾಡಿ "ಬಾ, ಓಪಿಡಿಗೆ ಹೋಗೋಣ" ಅಂದಳು. ಅಲ್ಲಿ ಡಾಕ್ಟರು ಬೈಯಲಿಲ್ಲ. ಎಷ್ಟು ಗಂಟೆಗೆ, ಎಷ್ಟು, ಅದಕ್ಕೆ ಮುಂಚೆ ಏನು ನಡೀತು ಅಂತ ಕೇಳಿದ್ರು, ಅಷ್ಟೇ. ಯಾರೋ ಅವಳ ಹೊಟ್ಟೆ ನೋಡಿ "ಈ ಸಲವಾದ್ರೂ ನಿಲ್ಲಲಿ" ಅಂದಿದ್ರಂತೆ. ಅದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಅದಾದ ಮೇಲೆ ಅವಳು ಕುಡಿದಿಲ್ಲ. ಅವಳ ಅಮ್ಮನಿಗೂ ಹೇಳಿದ್ವಿ, ಬಾಣಂತನಕ್ಕೆ ಮುಂಚೆ. "ನನಗೆ ಮದುವೆಗೆ ಮುಂಚಿನ ಮಗಳು ವಾಪಸ್ ಬಂದ್ರೆ ಸಾಕು" ಅಂದು, ಎದ್ದು ಹೋಗಿ ಬೀರುವಿನಲ್ಲಿದ್ದ ಬ್ರಾಂಡಿ ಬಾಟಲಿ ತಂದು ನನ್ನ ಕೈಗೆ ಕೊಟ್ರು. ಬಾಯಮ್ಮನವರೇ, ಅದು ಮಂಗಳೂರಲ್ಲಿ ಮಾತ್ರ ಇಲ್ಲ!

ಅಣ್ಣ ಪೂರ್ತಿ ಬಿಟ್ಟಿಲ್ಲ. ಸುಳ್ಳು ಹೇಳಲ್ಲ. ಹತ್ತು ದಿನಕ್ಕೊಮ್ಮೆ ಹೋಗಿ ಬಂದು ಹೊರಗಿನ ರೂಮಲ್ಲಿ ಮಲಗ್ತಾನೆ.

ಈಗ ಪ್ರಶ್ನೆ. ಮುಂದಿನ ತಿಂಗಳು ನಾಮಕರಣ. ಅಣ್ಣನ ಫ್ರೆಂಡ್ಸು, ದೊಡ್ಡಪ್ಪನ ಮಕ್ಕಳು ಎಲ್ಲ ಬರ್ತಾರೆ. ನಮ್ಮ ಕಡೆ ನಾಮಕರಣ ಅಂದ್ರೆ ರಾತ್ರಿ ಬಾಡೂಟ, ಬಾಡೂಟ ಅಂದ್ರೆ ತೋಟದ ಮನೆ ಹಿಂದೆ ಕಾರ್ಯಕ್ರಮ. ಬೇಡ ಅಂದ್ರೆ "ಯಾಕೆ" ಅಂತ ಕೇಳ್ತಾರೆ. ಏನು ಹೇಳೋದು?

ಸಂಜೆ_ಆರು · ಅದೇ ದಿನ

ಊಟ ಮಧ್ಯಾಹ್ನಕ್ಕೆ ಇಡಿ, ಸಿಹಿ ಊಟ. ಶ್ರಾವಣ ಅನ್ನಿ, ಹರಕೆ ಅನ್ನಿ, ಏನಾದ್ರೂ ಅನ್ನಿ.

ಮೂಡಿಗೆರೆ_ಮಳೆ · ಅದೇ ದಿನ

ದೇವಸ್ಥಾನದ ಛತ್ರದಲ್ಲಿ ಮಾಡಿ. ಮೂರು ಗಂಟೆಗೆ ಬೀಗ ಹಾಕ್ತಾರೆ, ನೀವು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಎರಡು_ಮಕ್ಕಳ_ತಾಯಿ · ಅದೇ ದಿನ

ಮೊದಲು ಅತ್ತಿಗೆನ ಕೇಳಿದ್ರಾ?

ಹೇಮಾವತಿ_ನಾದಿನಿ · ಮಾರನೇ ದಿನ

ಕೇಳಿದೆ. ಛತ್ರ ಅಂದಳು. ಹೆಸರೂ ಅವಳೇ ಇಟ್ಕೊಂಡಿದ್ದಾಳೆ, ನಮಗ್ಯಾರಿಗೂ ಹೇಳ್ತಿಲ್ಲ.